ಸಂರಕ್ಷಣೆ ಓದಲು ಹೊರಟವರಿಗೆ: ಮೊದಲು ನಿಮ್ಮೂರಿನ ಒಂದು ಗೋಡೆ ನೋಡಿ

ಪದವಿಯ ಕೊನೆ ವರ್ಷ ಬಂತೆಂದರೆ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಹುಡುಗ ಹುಡುಗಿಯರು ನನಗೆ ಫೋನ್ ಮಾಡುತ್ತಾರೆ. "ಅಕ್ಕ, ಹಳೆ ಕಟ್ಟಡ ಉಳಿಸೋದು ಹೇಗೆ ಅಂತ ಕಲಿಸೋ ಕೋರ್ಸ್ ಇದೆಯಂತಲ್ಲ, ಯಾವ ಕಾಲೇಜು ಚಲೋ?" ನಾನು ತಿರುಗಿ ಕೇಳುತ್ತೇನೆ: "ನೀನು ಯಾವ ಕಟ್ಟಡ ನೋಡಿದ್ದೀ?" "ಬೀದರ್ ಕೋಟೆ" ಅಂತಾರೆ. "ಅದರಲ್ಲಿ ಯಾವ ಗೋಡೆ?" ಅಂದರೆ ಆ ಕಡೆ ಮಾತು ನಿಲ್ಲುತ್ತದೆ.

ನಾನು ಬೀದರ್ ಹಳೆ ಊರಿನವಳು, ಚೌಬಾರಾದ ಹತ್ತಿರದವಳು. ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ಓದಿದೆ. ಆಮೇಲೆ ಹೊರರಾಜ್ಯದಲ್ಲಿ ಸಂರಕ್ಷಣೆಯಲ್ಲೇ ಸ್ನಾತಕೋತ್ತರ ಪದವಿ ಮಾಡಿದೆ. ಈಗ ಹಳೆ ವಾಡೆ, ಮಠ, ಬಾವಿಗಳ ಅಳತೆ, ದಾಖಲೆ, ದುರಸ್ತಿ ನನ್ನ ಕೆಲಸ. ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳುವುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಕಾಲೇಜಿನ ಮಾತು ಆಮೇಲೆ. ಅರ್ಜಿ ಹಾಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅದನ್ನು ಮಾಡಿದವರಿಗೆ ಸೀಟು ಸಿಗುವ ಸಾಧ್ಯತೆ ಜಾಸ್ತಿ. ಸೀಟು ಸಿಕ್ಕ ಮೇಲೆ ಓದೂ ಹಗುರ.

ಒಂದು ಕಟ್ಟಡ ಆರಿಸಿಕೊಳ್ಳಿ

ದೊಡ್ಡ ಹೆಸರಿನ ಸ್ಮಾರಕ ಬೇಡ. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ ಎಷ್ಟೇ ಚೆಂದ ಇರಲಿ, ಅಲ್ಲಿ ನೀವು ಏಣಿ ಹಾಕುವಂತಿಲ್ಲ, ಸ್ಯಾಂಪಲ್ ತೆಗೆಯುವಂತಿಲ್ಲ. ಅದು ಸರಿಯೂ ಹೌದು. ನಿಮ್ಮೂರಿನ ಅಗಸಿ ನೋಡಿ. ಗೌಡರ ವಾಡೆ, ಊರ ಮುಂದಿನ ಹುಡೇ (ಕಾವಲು ಬುರುಜು), ಮೆಟ್ಟಿಲು ಬಾವಿ, ಮೊಹರಂ ಆಚರಿಸುವ ಅಶೂರಖಾನಾ, ಹಳೆ ಕನ್ನಡ ಶಾಲೆ, ಇಂಥದ್ದು ಏನಾದರೂ ಇದ್ದೇ ಇರುತ್ತದೆ. ಯಾವ ಪಟ್ಟಿಯಲ್ಲೂ ಇಲ್ಲದ, ಯಾರೂ ಅಳತೆ ಮಾಡದ ಕಟ್ಟಡವಾದರೆ ಇನ್ನೂ ಒಳ್ಳೇದು. ಮಾಲೀಕರು ಅಥವಾ ಊರ ಹಿರಿಯರನ್ನು ಮೊದಲು ಕಂಡು, ಯಾಕೆ ಅಳೆಯುತ್ತೀರಿ ಅಂತ ಬಿಡಿಸಿ ಹೇಳಿ. ಟೇಪ್ ಹಿಡಿದು ಬಂದವರನ್ನು ಕಂಡರೆ ನಮ್ಮ ಕಡೆ ಜಾಗದ ಜಗಳವೇ ನೆನಪಾಗುತ್ತದೆ. ಅದಕ್ಕೇ ಮಾತು ಮೊದಲು, ಟೇಪ್ ಆಮೇಲೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಉದ್ದ ಟೇಪ್, ಒಂದು ಸಣ್ಣ ಟೇಪ್, ಗೌಂಡಿಗಳು ಇಟ್ಟುಕೊಳ್ಳುವ ತೂಗುಗುಂಡು, ಗಟ್ಟಿ ಹಲಗೆ, ಪೆನ್ಸಿಲ್, ಮೊಬೈಲು. ಜೊತೆಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು. ಕೋಣೆಯ ನಾಲ್ಕೂ ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಹಳೆ ಕೋಣೆಗಳು ಸರಿಯಾದ ಚೌಕ ಇರುವುದು ಅಪರೂಪ. ಕರ್ಣ ಬಿಟ್ಟರೆ ಮನೆಗೆ ಬಂದು ನಕ್ಷೆ ಎಳೆಯುವಾಗ ಗೆರೆಗಳು ಕೂಡುವುದೇ ಇಲ್ಲ. ಗೋಡೆಯ ದಪ್ಪವನ್ನು ಬಾಗಿಲು ಕಿಟಕಿ ಇರುವಲ್ಲಿ ಹಿಡಿಯಿರಿ. ಗೋಡೆ ವಾಲಿದೆಯೇ ಅಂತ ತೂಗುಗುಂಡು ಇಳಿಬಿಟ್ಟು ಮೇಲೊಮ್ಮೆ ಕೆಳಗೊಮ್ಮೆ ಅಂತರ ಬರೆದುಕೊಳ್ಳಿ.

ನಕ್ಷೆ ಆದ ಮೇಲೆ ಅದರ ಮೇಲೆಯೇ ಕೆಟ್ಟ ಜಾಗಗಳನ್ನು ಗುರುತು ಮಾಡಿ. ಎಲ್ಲಿ ಬಿರುಕು, ಎಲ್ಲಿ ತೇವ, ಎಲ್ಲಿ ಉಪ್ಪಿನ ಬಿಳಿ ಪುಡಿ, ಎಲ್ಲಿ ಅರಳಿ ಗಿಡದ ಬೇರು, ಎಲ್ಲಿ ಯಾರೋ ಸಿಮೆಂಟ್ ಮೆತ್ತಿದ್ದಾರೆ. ಒಂದೊಂದಕ್ಕೆ ಒಂದೊಂದು ಬಣ್ಣ. ಈ ಬಣ್ಣದ ಹಾಳೆ ನಿಮ್ಮ ಅರ್ಜಿಯ ಅತಿ ಮುಖ್ಯ ಪುಟ ಆಗುತ್ತದೆ.

ಆಮೇಲೆ ಕಾರಣ ಹುಡುಕುವ ಕೆಲಸ. ಒಂದು ಉದಾಹರಣೆ ಹೇಳುತ್ತೇನೆ. ಹುಮನಾಬಾದ್ ಕಡೆಯ ಒಂದು ವಾಡೆಯಲ್ಲಿ ಪಡಸಾಲೆಯ ಗೋಡೆಗೆ ನೆಲದಿಂದ ಸೊಂಟದ ಎತ್ತರದವರೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ತೇವ ಬರುತ್ತದೆ ಅಂತ ಮಾಡಿಸಿದ್ದು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ತೇವ ಎದೆಯ ಎತ್ತರಕ್ಕೆ ಬಂದಿತ್ತು. ಸಿಮೆಂಟ್ ಮುಗಿಯುವ ಗೆರೆಯ ಮೇಲೇ ಹಳೆ ಗಚ್ಚು ಉದುರುತ್ತಿತ್ತು, ಬೆರಳಿಟ್ಟರೆ ಕಲ್ಲು ಪುಡಿಯಾಗಿ ಕೈಗೆ ಬರುತ್ತಿತ್ತು. ನೆಲದ ನೀರು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಸುಣ್ಣದ ಗಿಲಾವು ಇದ್ದಾಗ ಅದು ಅಲ್ಲಲ್ಲೇ ಆವಿಯಾಗಿ ಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ದಾರಿ ಸಿಗುವವರೆಗೆ ಇನ್ನೂ ಮೇಲೆ ಹತ್ತಿತು. ಅಲ್ಲಿ ಆರಿದಾಗ ನೀರಿನಲ್ಲಿದ್ದ ಉಪ್ಪು ಕಲ್ಲಿನ ಒಳಗೇ ಹರಳುಗಟ್ಟಿ, ಹಿಗ್ಗಿ, ಕಲ್ಲನ್ನು ಒಳಗಿನಿಂದ ಒಡೆಯಿತು. ಹಾಗಾದರೆ ನೀರು ಎಲ್ಲಿಂದ ಬಂತು? ಹಿಂದಿನ ಓಣಿಯ ರಸ್ತೆಗೆ ಕಾಂಕ್ರೀಟ್ ಹಾಕುತ್ತಾ ಹಾಕುತ್ತಾ ರಸ್ತೆ ಮನೆಯ ನೆಲಕ್ಕಿಂತ ಮೇಲೆ ಬಂದಿತ್ತು. ಮಳೆ ನೀರು ಗೋಡೆಯ ಬುಡಕ್ಕೇ ನಿಲ್ಲುತ್ತಿತ್ತು. ಮದ್ದು ಬೇಕಾದದ್ದು ರಸ್ತೆ ಪಕ್ಕದ ಚರಂಡಿಗೆ.

ಇಷ್ಟನ್ನು ನೀವೇ ನೋಡಿ, ನೀವೇ ತಿಳಿದು, ನಿಮ್ಮ ಮಾತಿನಲ್ಲಿ ಒಂದು ಪುಟ ಬರೆದರೆ ಸಂದರ್ಶನದಲ್ಲಿ ಕೂತ ಯಾವ ಪ್ರೊಫೆಸರ್ ಆದರೂ ಕಿವಿಗೊಟ್ಟು ಕೇಳುತ್ತಾರೆ. ಬಿರುಕು ಹಳೇದೋ ಹೊಸದೋ ಗೊತ್ತಾಗದಿದ್ದರೆ ಅದರ ಮೇಲೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಜಿಪ್ಸಂ ಹಾಕಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಅಂತ ಅರ್ಥ. ಮಾಲೀಕರ ಒಪ್ಪಿಗೆ ಇರುವ ಮನೆಯಲ್ಲಿ ಮಾತ್ರ ಇದನ್ನು ಮಾಡಿ. ಸಂರಕ್ಷಿತ ಸ್ಮಾರಕದ ಗೋಡೆಗೆ ಏನನ್ನೂ ಅಂಟಿಸಬಾರದು, ಒಂದು ಚೂರೂ ಕೆರೆಯಬಾರದು. ಮತ್ತೆ ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ. ಡ್ರೋನ್ ಹಾರಿಸುವ ಆಸೆ ಇಟ್ಟುಕೊಳ್ಳಬೇಡಿ.

ಸುಣ್ಣದಲ್ಲಿ ಕೈ ಇಡಿ

ಓದಿಗೆ ಹೋಗುವ ಮುಂಚೆ ಒಬ್ಬ ಹಳೆ ಗೌಂಡಿಯ ಜೊತೆ ಸ್ವಲ್ಪ ದಿನ ಕೆಲಸ ಮಾಡಿ. ನಮ್ಮಲ್ಲಿ ಸುಣ್ಣದ ಕೆಲಸ ಬಲ್ಲವರು ಇನ್ನೂ ಇದ್ದಾರೆ, ಆದರೆ ಬಹುತೇಕ ವಯಸ್ಸಾದವರು. ನಾನು ಕೆಲಸ ಕಲಿತ ಕಾಕಾ ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಬಿಡುವಾಗ ನಮ್ಮನ್ನೆಲ್ಲ ದೂರ ನಿಲ್ಲಿಸುತ್ತಿದ್ದರು. ನೀರು ಕೊತಕೊತ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಕೈಗವಸು, ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಅರಳಿದ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲೇ ಬಿಡಬೇಕು. ಆಮೇಲೆ ಮರಳು, ಇಟ್ಟಿಗೆ ಪುಡಿಯ ಸುರ್ಕಿ ಕೂಡಿಸಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಣಲೆಕಾಯಿ ನೆನೆಸಿದ ನೀರು ಎಷ್ಟು ಹಾಕಬೇಕು ಅನ್ನುವುದು ಅವರ ಕೈಗೆ ಗೊತ್ತು. "ಅವಸರ ಮಾಡಿದ್ರ ಗಚ್ಚು ಮಾತು ಕೇಳಂಗಿಲ್ಲ ನೋಡವ್ವ" ಅನ್ನುತ್ತಿದ್ದರು.

ಕಲಬುರಗಿಯ ಏಪ್ರಿಲ್-ಮೇ ಬಿಸಿಲಲ್ಲಿ ಸುಣ್ಣದ ಗಿಲಾವು ಮಾಡಿದರೆ ಅದು ಗಟ್ಟಿಯಾಗುವ ಮೊದಲೇ ಒಣಗಿ ಬಿರಿಯುತ್ತದೆ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗಬೇಕು, ಅದಕ್ಕೆ ತೇವವೂ ಬೇಕು, ಸಮಯವೂ ಬೇಕು. ಅದಕ್ಕೇ ಒದ್ದೆ ಗೋಣಿ ಚೀಲ ಹೊದಿಸುತ್ತಾರೆ. ತರಗತಿಯಲ್ಲಿ ಇದನ್ನು ರಾಸಾಯನಿಕ ಸಮೀಕರಣದಲ್ಲಿ ಬರೆಯುತ್ತಾರೆ. ಗೋಣಿಗೆ ನೀರು ಹೊಡೆದವರಿಗೆ ಆ ಸಮೀಕರಣ ಒಂದೇ ಸಲಕ್ಕೆ ತಲೆಗೆ ಹತ್ತುತ್ತದೆ.

ಬಿಎಸ್ಸಿ ಕೆಮಿಸ್ಟ್ರಿ ಓದುತ್ತಿರುವವರು ಇನ್ನೂ ಒಂದು ಕೆಲಸ ಮಾಡಬಹುದು. ಬಿದ್ದ ಹಳೆ ಮನೆಯ ಗಾರೆಯ ಒಂದು ತುಂಡನ್ನು ಮಾಲೀಕರನ್ನು ಕೇಳಿ ತನ್ನಿ. ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರ ಎದುರಿಗೇ, ಒಣಗಿಸಿ ತೂಕ ಮಾಡಿ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ. ಸುಣ್ಣ ಬುರುಬುರು ಅಂತ ಕರಗಿ ಹೋಗುತ್ತದೆ, ಮರಳು ಉಳಿಯುತ್ತದೆ. ಅದನ್ನು ಸೋಸಿ, ಒಣಗಿಸಿ, ಮತ್ತೆ ತೂಗಿದರೆ ಸುಣ್ಣ ಮರಳಿನ ಅಳತೆ ಹೆಚ್ಚುಕಡಿಮೆ ಸಿಗುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಾರೆಯಾದರೆ ಜಾಗ್ರತೆ ಇರಲಿ. ಅಲ್ಲಿನ ಮರಳಿನಲ್ಲೇ ಸುಣ್ಣದಕಲ್ಲಿನ ಚೂರು ಇರಬಹುದು. ಅದೂ ಕರಗಿಬಿಟ್ಟರೆ ಲೆಕ್ಕ ತಪ್ಪುತ್ತದೆ. ಈ ಎಚ್ಚರಿಕೆಯನ್ನು ನಿಮ್ಮ ವರದಿಯಲ್ಲೂ ಬರೆಯಿರಿ.

ಯಾವ ಪದವಿಯವರಿಗೆ ಯಾವ ದಾರಿ

ಸಂರಕ್ಷಣೆ ಅಂದರೆ ಆರ್ಕಿಟೆಕ್ಟ್‌ಗಳದ್ದು ಮಾತ್ರ ಅಂತ ನಮ್ಮ ಕಡೆ ತುಂಬ ಜನ ತಿಳಿದಿದ್ದಾರೆ. ಇದರಲ್ಲಿ ಕೆಮಿಸ್ಟ್ರಿಯವರು, ಇತಿಹಾಸದವರು, ಸಿವಿಲ್‌ನವರು, ಚಿತ್ರಕಲೆಯವರು ಎಲ್ಲರೂ ಬೇಕು.

ಬಿ.ಆರ್ಕ್ ಮಾಡಿದವರಿಗೆ ದಾರಿ ನೇರ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಸಂರಕ್ಷಣೆಯ ಎಂ.ಆರ್ಕ್ ಇದೆ, ಭೋಪಾಲ್‌ನ ಅದೇ ಹೆಸರಿನ ಸಂಸ್ಥೆಯಲ್ಲೂ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಸಂರಕ್ಷಣೆ ಮತ್ತು ಊರಿನ ಪುನಶ್ಚೇತನ ಒಟ್ಟಿಗೆ ಕಲಿಸುತ್ತಾರೆ. ಬೀದರ್‌ನಂಥ ಹಳೆ ಊರಿಗೆ ವಾಪಸ್ ಬಂದು ಕೆಲಸ ಮಾಡುವ ಮನಸ್ಸಿದ್ದವರಿಗೆ ನಾನು ಅದನ್ನು ಹೇಳುತ್ತೇನೆ. ಕೆಲವು ಕಡೆ ಗೇಟ್ ಪ್ರವೇಶ ಪರೀಕ್ಷೆಯ ಅಂಕ ಕೇಳುತ್ತಾರೆ, ಕೆಲವು ಕಡೆ ಪೋರ್ಟ್‌ಫೋಲಿಯೊ ಮತ್ತು ಸಂದರ್ಶನ. ನಿಯಮ ವರ್ಷವರ್ಷ ಬದಲಾಗುತ್ತದೆ. ಆಯಾ ವರ್ಷದ ಪ್ರಕಟಣೆಯನ್ನು ಸಂಸ್ಥೆಯ ಜಾಲತಾಣದಲ್ಲೇ ಓದಿ, ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಸಿವಿಲ್ ಎಂಜಿನಿಯರುಗಳಿಗೆ ಈ ಕ್ಷೇತ್ರದಲ್ಲಿ ದೊಡ್ಡ ಜಾಗ ಖಾಲಿ ಇದೆ ಅನ್ನುವುದು ನನ್ನ ಅನುಭವ. ಗುಮ್ಮಟ, ಕಮಾನು ಹೇಗೆ ಭಾರ ಹೊರುತ್ತವೆ ಅಂತ ಬಲ್ಲ ಎಂಜಿನಿಯರ್ ಸಿಗುವುದೇ ಕಷ್ಟ. ಐಐಟಿ ಮದ್ರಾಸಿನಲ್ಲಿ ಪಾರಂಪರಿಕ ಕಟ್ಟಡಗಳ ಸುರಕ್ಷತೆಗೆಂದೇ ರಾಷ್ಟ್ರೀಯ ಕೇಂದ್ರ ಇದೆ. ಗೇಟ್ ಬರೆದು ಸ್ಟ್ರಕ್ಚರ್ಸ್ ವಿಭಾಗಕ್ಕೆ ಹೋಗಿ, ಪ್ರಾಜೆಕ್ಟನ್ನು ಹಳೆ ಕಟ್ಟಡದ ಮೇಲೆ ಮಾಡಬಹುದು. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು. ತೆರೆದ ಅಂಗಳವೇ ಇಲ್ಲ, ಇಡೀ ಜಾಗದ ಮೇಲೆ ಗುಮ್ಮಟ ಕಮಾನುಗಳ ಮುಚ್ಚಿಗೆ. ಕಬ್ಬಿಣದ ಸರಳಿಲ್ಲದೆ ಅಷ್ಟು ಅಗಲ ಮುಚ್ಚಿದ್ದು ಹೇಗೆ? ಈ ಪ್ರಶ್ನೆ ಹಿಡಿದು ಒಂದು ಮಧ್ಯಾಹ್ನ ಅಲ್ಲಿ ಕೂತುಬನ್ನಿ.

ವಿಜ್ಞಾನ ಮತ್ತು ಚಿತ್ರಕಲೆಯವರು ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ನೋಡಬೇಕು. ಮೊದಲು ದೆಹಲಿಯ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಅಂತ ಇದ್ದದ್ದು ಇದೇ. ಲೋಹ, ಕಾಗದ, ಚಿತ್ರ, ಬಟ್ಟೆ, ಇಂಥ ವಸ್ತುಗಳ ಸಂರಕ್ಷಣೆ ಇಲ್ಲಿನ ಓದು. ಜೊತೆಗೆ ಕಲಾ ಇತಿಹಾಸ, ವಸ್ತುಸಂಗ್ರಹಾಲಯ ಶಾಸ್ತ್ರವೂ ಇದೆ. ಈ ದಾರಿ ಹಿಡಿಯುವವರಿಗೆ ನಮ್ಮ ಮೂರು ಜಿಲ್ಲೆಗಳಲ್ಲೇ ವಿಷಯ ಸಮೃದ್ಧ. ಸುರಪುರದ ಚಿನ್ನದ ಕೆಲಸದ ಕಿರುಚಿತ್ರಗಳಿವೆ. ಬಿದರಿ ಇದೆ, 2006ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಯಾಕೆ ಆ ಮಣ್ಣೇ ಬೇಕು? ಹಳೆ ಹೂಜಿಯ ಕಪ್ಪು ಮಾಸಿದರೆ ಏನು ಮಾಡಬೇಕು? ಒಂದು ಪ್ರಬಂಧಕ್ಕೆ ಇಷ್ಟು ಸಾಕು. ಲಖನೌದಲ್ಲಿ ಸಾಂಸ್ಕೃತಿಕ ವಸ್ತುಗಳ ಸಂರಕ್ಷಣೆಯ ರಾಷ್ಟ್ರೀಯ ಪ್ರಯೋಗಾಲಯ ಇದೆ, ಅದರ ಪ್ರಾದೇಶಿಕ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ತರಬೇತಿ ಸಿಗುತ್ತದೆಯೇ ಅಂತ ಪತ್ರ ಬರೆದು ವಿಚಾರಿಸಿ.

ಬಿಎ ಇತಿಹಾಸದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಪುಣೆಯ ಡೆಕ್ಕನ್ ಕಾಲೇಜು, ಇವುಗಳಲ್ಲಿ ಪುರಾತತ್ವ ಇಲ್ಲವೇ ಶಾಸನಶಾಸ್ತ್ರ ಓದಬಹುದು. ಎಂಎ ಆದ ಮೇಲೆ ಗ್ರೇಟರ್ ನೋಯ್ಡಾದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯೇ ನಡೆಸುವ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆ ಇದೆ. ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ, ಓದುವಾಗ ಸ್ಟೈಪೆಂಡ್ ಕೂಡ ಕೊಡುತ್ತಾರೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಇತಿಹಾಸದವರಿಗೆ ನನ್ನದೊಂದು ಒತ್ತಾಯ ಇದೆ. ಭಾಷೆ ಕಲಿಯಿರಿ. ನಮ್ಮ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಳೆ ಕಡತಗಳು ಉರ್ದು, ಫಾರಸಿಯಲ್ಲಿವೆ, ಹೈದರಾಬಾದಿನ ಪತ್ರಾಗಾರದಲ್ಲಿವೆ. ಹಳಗನ್ನಡ ಶಾಸನವನ್ನೂ ಫಾರಸಿ ಶಾಸನವನ್ನೂ ಎರಡನ್ನೂ ಓದಬಲ್ಲವರು ಬೆರಳೆಣಿಕೆ. ಬೀದರ್ ಹುಡುಗರಿಗೆ ಉರ್ದು ಮಾತು ಓಣಿಯಲ್ಲೇ ಬಂದುಬಿಟ್ಟಿರುತ್ತದೆ. ಲಿಪಿ ಕಲಿತರೆ ಅರ್ಧ ಕೆಲಸ ಆದಂತೆ.

"ಸುಸ್ಥಿರತೆ" ಅಂತ ಕೇಳಿದಾಗ

ಈಗೀಗ ಎಲ್ಲ ಕೋರ್ಸಿನ ಹೆಸರಿನಲ್ಲೂ, ಎಲ್ಲ ಅರ್ಜಿಯಲ್ಲೂ ಈ ವಿಷಯ ಇರುತ್ತದೆ. ಹವಾಮಾನ ಬದಲಾವಣೆ ಅಂತ ದೊಡ್ಡದಾಗಿ ಬರೆದು ತುಂಬಿಸಬೇಡಿ. ನಮ್ಮ ಜಿಲ್ಲೆಯಲ್ಲಿ ಕಣ್ಣೆದುರಿಗೆ ಇರುವುದನ್ನು ಬರೆಯಿರಿ.

ಸಿಮೆಂಟ್ ಮತ್ತು ಸುಣ್ಣದ ವಿಷಯವನ್ನೇ ತೆಗೆದುಕೊಳ್ಳಿ. ವಾಡಿ, ಶಹಾಬಾದ್, ಸೇಡಂ ಕಡೆಯ ಸುಣ್ಣದಕಲ್ಲೇ ನಮ್ಮ ಮನೆಗಳ ಫರಸಿಯೂ ಆಗುತ್ತದೆ, ಸಿಮೆಂಟ್ ಕಾರ್ಖಾನೆಗೂ ಹೋಗುತ್ತದೆ. ಸುಣ್ಣ ಸುಡಲು ಸುಮಾರು 900 ಡಿಗ್ರಿ ಸಾಕು, ಸಿಮೆಂಟ್ ಅರೆಯುವ ಮುನ್ನ ಸುಟ್ಟು ಮಾಡುವ ಕ್ಲಿಂಕರ್ ಉಂಡೆಗೆ ಸುಮಾರು 1450 ಡಿಗ್ರಿ ಬೇಕು. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನಿಂದಲೇ ಬರುತ್ತದೆ. ಸುಣ್ಣ ಗಟ್ಟಿಯಾಗುವಾಗ ತಾನು ಬಿಟ್ಟದ್ದರಲ್ಲಿ ಒಂದಷ್ಟನ್ನು ವಾಪಸ್ ಹೀರುತ್ತದೆ. ಹಳೆ ವಾಡೆಯನ್ನು ಕೆಡವದೆ ಸುಣ್ಣದಲ್ಲಿ ದುರಸ್ತಿ ಮಾಡಿದರೆ ಎಷ್ಟು ಸಿಮೆಂಟ್, ಎಷ್ಟು ಕಬ್ಬಿಣ ಉಳಿಯಿತು ಅಂತ ನಿಮ್ಮ ಆ ಒಂದು ಕಟ್ಟಡದ್ದೇ ಲೆಕ್ಕ ಹಾಕಿ ತೋರಿಸಿ.

ಇನ್ನೊಂದು ನೀರು. ನನಗೆ ತುಂಬ ಪ್ರೀತಿಯ ವಿಷಯ ಇದು. ಬೀದರ್ ಕೂತಿರುವುದು ಕೆಂಪು ಲ್ಯಾಟರೈಟ್ ಕಲ್ಲಿನ ಎತ್ತರದ ಮೇಲೆ. ಆ ಕಲ್ಲಿನಲ್ಲಿ ತುಂಬ ತೂತು. ಮಳೆ ನೀರು ಅದರೊಳಗೆ ಇಳಿಯುತ್ತದೆ, ಕೆಳಗಿನ ಕರಿಗಲ್ಲು ಬಂದಾಗ ತಡೆದು ನಿಂತು ಪಕ್ಕಕ್ಕೆ ಹರಿಯುತ್ತದೆ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಇರಾನಿನ ವಿದ್ಯೆ ಬಲ್ಲವರು ನೌಬಾದ್‌ನಲ್ಲಿ ನೆಲದಡಿ ಸುರಂಗ ತೋಡಿ ಆ ನೀರನ್ನು ಹಿಡಿದರು. ಅದೇ ಕರೇಜ್, ನಮ್ಮ ಜನ ಕರೆಯುವ ಸುರಂಗ ಬಾವಿ. ಮೇಲಿನಿಂದ ಸಾಲಾಗಿ ಬಾವಿಯಂಥ ಗಾಳಿಕಿಂಡಿಗಳು, ಕೆಳಗೆ ಬಹಳ ಸಣ್ಣ ಇಳಿಜಾರು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ನಡೆದು ಬರಬೇಕು. ಇಳಿಜಾರು ಜಾಸ್ತಿಯಾದರೆ ನೆಲ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಕೈಯಲ್ಲಿ ತೋಡುವಾಗ ಆ ಮಟ್ಟ ಹೇಗೆ ಹಿಡಿದರೋ ಅಂತ ಪ್ರತಿ ಸಲ ಅನ್ನಿಸುತ್ತದೆ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ ತಾಣಗಳ ತನ್ನ 2014ರ ಪಟ್ಟಿಯಲ್ಲಿ ಬೀದರ್ ಹಳೆ ನಗರವನ್ನು ಸೇರಿಸಿದ ಮೇಲೆ ಹೊರಗಿನವರ ಗಮನವೂ ಈ ಕಡೆ ಬಂತು.

ಈಗ ಯೋಚನೆ ಮಾಡಿ. ಸುರಂಗದ ಕಲ್ಲನ್ನಷ್ಟೇ ರಿಪೇರಿ ಮಾಡಿ, ಮೇಲೆ ಕೆಂಪು ನೆಲಕ್ಕೆಲ್ಲ ಕಾಂಕ್ರೀಟ್ ಹೊದಿಸಿ, ಸುತ್ತ ಬೋರ್‌ವೆಲ್ ಕೊರೆದರೆ ಕರೇಜ್ ಉಳಿಯಿತೇ? ನೀರಿಲ್ಲದ ಕರೇಜ್ ಬರೀ ಸುರಂಗ. ಅದನ್ನು ಉಳಿಸಬೇಕೆಂದರೆ ಮಳೆ ಇಂಗುವ ನೆಲ ಉಳಿಯಬೇಕು, ಆ ನೆಲದ ಮಾಲೀಕರು ಒಪ್ಪಬೇಕು, ನಗರಾಡಳಿತದ ನಕ್ಷೆಯಲ್ಲಿ ಅದು ಬರಬೇಕು. ಸುಸ್ಥಿರತೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.

ಉದ್ದೇಶದ ಪತ್ರ ಮತ್ತು ಸಂದರ್ಶನ

"ನನಗೆ ಚಿಕ್ಕಂದಿನಿಂದ ನಮ್ಮ ಭವ್ಯ ಪರಂಪರೆಯ ಬಗ್ಗೆ ಅಪಾರ ಆಸಕ್ತಿ" ಅಂತ ಶುರುವಾಗುವ ಉದ್ದೇಶದ ಪತ್ರ, ಅಂದರೆ ಈ ಕೋರ್ಸು ಯಾಕೆ ಬೇಕು ಅಂತ ಅರ್ಜಿಗೆ ಜೋಡಿಸುವ ಪತ್ರ, ಕಳಿಸಿದರೆ ನಾನು ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ ವಾಪಸ್ ಕೊಡುತ್ತೇನೆ. ಹೀಗೆ ಶುರು ಮಾಡಿ: "ನಮ್ಮೂರ ಮೆಟ್ಟಿಲು ಬಾವಿಯ ಪೂರ್ವದ ಗೋಡೆ ಹೊರಕ್ಕೆ ಉಬ್ಬಿದೆ. ಅದರ ಹಿಂದೆ ಚರಂಡಿ ಇದೆ. ಮಳೆಗಾಲಕ್ಕೆ ಮೊದಲು ಮತ್ತು ಆಮೇಲೆ ಅಳೆದು ನೋಡಿದೆ." ಇದಾದ ಮೇಲೆ ನಿಮಗೆ ಏನು ತಿಳಿಯಲಿಲ್ಲ, ಅದನ್ನು ತಿಳಿಯಲು ಈ ಕೋರ್ಸಿನ ಯಾವ ವಿಷಯ ಬೇಕು ಅಂತ ಬರೆಯಿರಿ. ಪತ್ರ ತಾನಾಗಿ ಆಗುತ್ತದೆ. ಇಂಗ್ಲಿಷ್ ಸರಳ ಇದ್ದರೆ ಸಾಕು. ಮೊದಲು ಕನ್ನಡದಲ್ಲಿ ಬರೆದು, ಸರಿಯಾಗಿದೆ ಅನ್ನಿಸಿದ ಮೇಲೆ ಇಂಗ್ಲಿಷಿಗೆ ತಂದರೂ ನಡೆಯುತ್ತದೆ.

ಸಂದರ್ಶನದಲ್ಲಿ ಬರುವ ಒಂದು ಪ್ರಶ್ನೆಗೆ ಈಗಲೇ ತಯಾರಾಗಿ. ಬೀದರ್‌ನ ಮಹಮೂದ್ ಗವಾನ್ ಮದರಸಾ 1472ರದು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. 17ನೇ ಶತಮಾನದ ಕೊನೆಯಲ್ಲಿ, ಔರಂಗಜೇಬನ ಕಾಲದಲ್ಲಿ, ಒಳಗಿಟ್ಟಿದ್ದ ಸಿಡಿಮದ್ದು ಸಿಡಿದು ಹಾಳಾಯಿತು ಅನ್ನುತ್ತಾರೆ. ಬಿದ್ದ ಮಿನಾರನ್ನು ಮತ್ತೆ ಕಟ್ಟಬೇಕೇ? ಹೌದು ಅಂದರೂ ಇಲ್ಲ ಅಂದರೂ ಕಾರಣ ಕೊಡಬೇಕು. ಸ್ಮಾರಕ ಸಂರಕ್ಷಣೆಗೆ ಅಂತರರಾಷ್ಟ್ರೀಯ ದಾರಿ ತೋರುವ 1964ರ ವೆನಿಸ್ ಸನ್ನದು ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಅನ್ನುತ್ತದೆ. ನಿಂತಿರುವ ಮಿನಾರು ನೋಡಿ ಬಿದ್ದದ್ದನ್ನು ಕಟ್ಟಿದರೆ ಅದು ಊಹೆಯೋ, ಆಧಾರವೋ? ಅದರ ಮೇಲಿನ ಬಣ್ಣದ ಹೆಂಚುಗಳನ್ನು ಯಾರು ಮಾಡುತ್ತಾರೆ? ನನ್ನನ್ನು ಕೇಳಿದರೆ ಕಟ್ಟಬಾರದು ಅನ್ನುತ್ತೇನೆ. ಆ ಖಾಲಿ ಜಾಗವೂ ಕಟ್ಟಡದ ಇತಿಹಾಸ. ನೀವು ನನ್ನ ಮಾತು ಒಪ್ಪಬೇಕೆಂದಿಲ್ಲ.

ಬೀದರ್ ಪಕ್ಕದ ಅಷ್ಟೂರಿನ ಪ್ರಶ್ನೆ ಇದಕ್ಕಿಂತ ಕಷ್ಟ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಸಮಾಧಿಯ ಗುಮ್ಮಟದೊಳಗೆ ಅಪರೂಪದ ಬಣ್ಣದ ಚಿತ್ತಾರ ಇದೆ. ಅಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ಜಾತ್ರೆ ಮಾಡುತ್ತಾರೆ. ಜನ ಬಂದರೆ ದೀಪ, ಲೋಬಾನದ ಹೊಗೆ, ಉಸಿರಿನ ತೇವ. ಬಣ್ಣಕ್ಕೆ ಇದು ಒಳ್ಳೇದಲ್ಲ. ಆದರೆ ಜನ ಬರುವುದು ನಿಂತರೆ ಆ ಜಾಗದ ಜೀವವೇ ಹೋಗುತ್ತದೆ, ಅಲ್ವಾ? ಪ್ರತಿ ಸಂಸ್ಕೃತಿಯ ಪರಂಪರೆಯನ್ನು ಅದರದೇ ನೆಲೆಯಲ್ಲಿ ಅಳೆಯಬೇಕು ಅಂತ ಹೇಳಿದ 1994ರ ನಾರಾ ದಸ್ತಾವೇಜನ್ನು ಈ ಜಾತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಕಾನೂನಿನಲ್ಲಿ ಇಷ್ಟು ಗೊತ್ತಿರಲಿ. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ, ರಾಜ್ಯದವಕ್ಕೆ ಕರ್ನಾಟಕದ 1961ರ ಕಾಯ್ದೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಈ ಅಂಕಿ ಬಾಯಿಪಾಠ ಮಾಡುವುದು ಸುಲಭ. ಆ 100 ಮೀಟರ್ ಒಳಗೆ ಮನೆ ಇರುವವರನ್ನು ಒಮ್ಮೆ ಮಾತಾಡಿಸಿ ಬನ್ನಿ. ಸೋರುವ ಮಾಳಿಗೆ ರಿಪೇರಿಗೂ ಅವರು ಯಾವ ಕಚೇರಿಗೆ, ಎಷ್ಟು ಕಾಗದ ಕೊಡಬೇಕು ಅಂತ ಕೇಳಿ. ಅವರನ್ನು ಬಿಟ್ಟು ಮಾಡಿದ ಸಂರಕ್ಷಣೆ ನಿಲ್ಲುವುದಿಲ್ಲ.

ದುಡ್ಡಿನ ವಿಷಯ

ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರು 371ಜೆ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಬೇರೆ ಕಡೆ ಶೇಕಡಾ 8 ಸೀಟು ನಮಗೆ ಮೀಸಲು. ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ಬರಲು ಸಮಯ ಹಿಡಿಯುತ್ತದೆ. ದೆಹಲಿ, ಅಹಮದಾಬಾದ್ ಸಂಸ್ಥೆಗಳಲ್ಲಿ ಇದು ನಡೆಯುವುದಿಲ್ಲ.

ವಿದೇಶಕ್ಕೆ ಹೋಗುವ ಮನಸ್ಸಿದ್ದರೆ ಹೆಸರು ಮಾಡಿದ ಕೋರ್ಸುಗಳು ಕೆಲವಿವೆ. 1976ರಲ್ಲಿ ಶುರುವಾಗಿ ಈಗ ಬೆಲ್ಜಿಯಂನ ಲೂವೆನ್‌ನಲ್ಲಿರುವ ರೇಮಂಡ್ ಲೆಮೇರ್ ಕೇಂದ್ರ, ಇಂಗ್ಲೆಂಡಿನ ಯಾರ್ಕ್, ಲಂಡನ್ನಿನ ಯುಸಿಎಲ್‌ನಲ್ಲಿ ಸುಸ್ಥಿರ ಪರಂಪರೆಯ ಓದು, ಜರ್ಮನಿಯ ಕಾಟ್‌ಬುಸ್‌ನಲ್ಲಿ ವಿಶ್ವ ಪರಂಪರೆ ಅಧ್ಯಯನ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ತೀರ ಕಡಿಮೆ, ಅದಕ್ಕೇ ನಮ್ಮ ಕಡೆಯವರಿಗೆ ಅದನ್ನು ಮೊದಲು ನೋಡಿ ಅನ್ನುತ್ತೇನೆ. ಬ್ರಿಟನ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್‌ಗೆ ಮೂರು ವರ್ಷ. ಅದರ ವಿಷಯಗಳಲ್ಲಿ ಪರಂಪರೆ ಸಂರಕ್ಷಣೆಯ ಹೆಸರೂ ಸೇರಿತ್ತು. ಬ್ರಿಟನ್ನಿನ ಓದಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಈ ಕ್ಷೇತ್ರದವರಿಗೆ ನೆರವು ಕೊಡುತ್ತಾ ಬಂದಿದೆ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಲೇಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ 2022ರಲ್ಲಿ ಬದಲಾಯಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸದ ಮೇಲಿನ ಓದನ್ನು ಅದರಿಂದ ಹೊರಗಿಟ್ಟರು. ಇದು ಅನ್ಯಾಯ ಅನ್ನುವುದು ನನ್ನ ಖಚಿತ ಅಭಿಪ್ರಾಯ. ತಮ್ಮ ನೆಲದ ಚರಿತ್ರೆಯನ್ನು ತಾವೇ ಓದಬೇಕಾದವರಿಗೇ ಬಾಗಿಲು ಹಾಕಿದಂತಾಯಿತು. ಅರ್ಜಿಗೆ ಮೊದಲು ಆ ವರ್ಷದ ನಿಯಮ ಓದಿ. ವಿದೇಶದ ಓದಿಗೆ ನೆರವಾಗುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನೂ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ.

ಓದಿದ ಮೇಲೆ ಕೆಲಸ? ಪುರಾತತ್ವ ಸರ್ವೇಕ್ಷಣೆ, ರಾಜ್ಯದ ಪುರಾತತ್ವ ಇಲಾಖೆ, ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣೆಯ ಸಂಸ್ಥೆ, ವಸ್ತುಸಂಗ್ರಹಾಲಯಗಳು, ಖಾಸಗಿ ಸಂರಕ್ಷಣಾ ಆರ್ಕಿಟೆಕ್ಟ್‌ಗಳ ಕಚೇರಿಗಳು ಇವೆ. ಸರ್ಕಾರಿ ಹುದ್ದೆ ಯಾವಾಗ ಕರೆಯುತ್ತಾರೆ ಅಂತ ಕಾಯುತ್ತಾ ಸುಮ್ನೆ ಕೂರಬೇಡಿ. ಶುರುವಿನಲ್ಲಿ ಸಂಬಳ ಕಮ್ಮಿ, ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ. ಆದರೆ ನಮ್ಮ ಭಾಗದಲ್ಲಿ ಕೆಲಸ ಕಡಿಮೆ ಇಲ್ಲ. ಬಹಮನಿ, ಬರೀದ್ ಶಾಹಿ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ದೇವಸ್ಥಾನದ ಮಾಳಿಗೆ ಬಿದ್ದಾಗ ಮೂರ್ತಿಯ ಪೀಠದಲ್ಲೇ ಅಶೋಕನ ಶಾಸನ ಸಿಕ್ಕಿತು, ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಅವನದೇ ಶಿಲ್ಪ ಸಿಕ್ಕಿತು. ಭೀಮಾ ದಂಡೆಯ ಹಳ್ಳಿಗಳಲ್ಲಿ ಇನ್ನೂ ಯಾರೂ ದಾಖಲಿಸದ ಕಲ್ಲುಗಳು ಬೇಕಾದಷ್ಟಿವೆ.

ಈ ವರ್ಷ ಶುರು ಮಾಡುವವರು ಹೀಗೆ ಮಾಡಿ. ಬೇಸಿಗೆಯಲ್ಲಿ ಕಟ್ಟಡ ಒಣಗಿದ್ದಾಗ ಒಮ್ಮೆ ಅಳತೆ ಮತ್ತು ಫೋಟೋ. ಮಳೆಗಾಲದ ನಡುವೆ ಮತ್ತೆ ಹೋಗಿ ತೇವದ ಗುರುತು, ಎಲ್ಲಿ ಸೋರುತ್ತದೆ ಅಂತ ಮಳೆ ಬೀಳುವಾಗಲೇ ನೋಡಿ. ದೀಪಾವಳಿ ಹೊತ್ತಿಗೆ ನಕ್ಷೆ, ಬಣ್ಣದ ಹಾಳೆ, ಒಂದು ಪುಟದ ವಿವರ ತಯಾರಿರಲಿ. ವಿದೇಶದ ಅರ್ಜಿಗಳಿಗೆ ಆಗಲೇ ಗಡುವು ಶುರುವಾಗಿರುತ್ತದೆ. ನಕ್ಷೆಯ ಒಂದು ಪ್ರತಿಯನ್ನು ಆ ಮನೆಯವರಿಗೆ ಕೊಡಿ, ಒಂದನ್ನು ಗ್ರಾಮ ಪಂಚಾಯಿತಿಗೆ ಕೊಡಿ. ಮನೆಯವರ ಪ್ರತಿಯಲ್ಲಿ ನೀರು ಎಲ್ಲಿಂದ ಬರುತ್ತಿದೆ, ಮೊದಲು ಯಾವ ಜಾಗ ರಿಪೇರಿ ಮಾಡಿಸಬೇಕು, ಎಲ್ಲಿ ಸಿಮೆಂಟ್ ಹಾಕಿಸಬಾರದು ಅಂತ ಕನ್ನಡದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿರಿ. ಅವರ ಮನೆಗೆ ಬರುವ ಗೌಂಡಿ ಓದುವುದು ಅದನ್ನೇ.